ಒಂದೇ ಎಂಜಿನ್, ಎರಡು ಒಡಲು

ನರಸಾಪುರದಲ್ಲಿ ಕಡಿಮೆ ಬೆಲೆಗೆ ಹಳೆಯ ಕಾರು ಹುಡುಕುವವರು ಮಾರುತಿ 800 ಮತ್ತು ಓಮ್ನಿಗಳನ್ನು ಹೋಲಿಸುವುದು ಸಹಜ. ಮೈಲೇಜ್ ಎಷ್ಟು, ಎಷ್ಟು ಜನ ಕೂರಬಹುದು ಎಂಬಲ್ಲಿಗೆ ಹೋಲಿಕೆ ಮುಗಿಯುತ್ತದೆ. ಎರಡರದೂ 796 ಘನ ಸೆಂ.ಮೀ.ನ ಮೂರು ಸಿಲಿಂಡರ್ ಎಂಜಿನ್. ಹಾಗಿದ್ದರೆ ಹೆಚ್ಚು ಜನ ಹಿಡಿಯುವ ಓಮ್ನಿಯೇ ಲಾಭವಲ್ಲವೆ? ಈ ತರ್ಕಕ್ಕೆ ನಮ್ಮ ಭೌತವಿಜ್ಞಾನದ ಪಾಠವೂ ಸ್ವಲ್ಪ ಹೊಣೆ. ಪಾಠದ ಲೆಕ್ಕಗಳಲ್ಲಿ ಕಾರೆಂದರೆ ಒಂದು ಬಿಂದು. ಅದಕ್ಕೆ ರಾಶಿಯುಂಟು, ವೇಗವುಂಟು, ಎತ್ತರವಿಲ್ಲ, ಮೂತಿಯಿಲ್ಲ.

ಮೊದಲು ಗಾಳಿಯ ಮಾತು. 800ರ ಅಗಲ 1.44 ಮೀ., ಎತ್ತರ ಸುಮಾರು 1.4 ಮೀ. ಓಮ್ನಿಯ ಅಗಲ 1.41, ಎತ್ತರ 1.64 ಮೀ. ಗುಣಿಸಿ ನೋಡಿ: ಗಾಳಿಗೆ ಎದುರಾಗುವ ಓಮ್ನಿಯ ಮುಖ ಸುಮಾರು ಶೇ. 14ರಷ್ಟು ದೊಡ್ಡದು. ವಾಯುರೋಧ ವೇಗದ ವರ್ಗಕ್ಕೆ ಅನುಗುಣವಾದುದರಿಂದ ಊರೊಳಗೆ ಈ ವ್ಯತ್ಯಾಸ ನಗಣ್ಯ, ಬೆಂಗಳೂರು–ಕೋಲಾರ ಹೆದ್ದಾರಿಯಲ್ಲಿ ಅಲ್ಲ. ವೇಗ ಹೇಳದೆ ಮೈಲೇಜ್ ಹೇಳುವುದು ಅರ್ಧ ಮಾತು.

ಎತ್ತರದ ಇನ್ನೊಂದು ಪರಿಣಾಮ ತಿರುವಿನಲ್ಲಿ ಕಾಣುತ್ತದೆ. ಎರಡರಲ್ಲೂ ಎಡ-ಬಲ ಚಕ್ರಗಳ ಅಂತರ ಸುಮಾರು 1.2 ಮೀ. ಈ ಅಂತರದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿದಾಗ ಬರುವ ಸಂಖ್ಯೆ ಕಡಿಮೆಯಾದಷ್ಟೂ ವಾಹನ ಬೇಗ ಮಗುಚುತ್ತದೆ. ಓಮ್ನಿಯ ಚಾವಣಿಯ ಮೇಲೆ ಮೂಟೆ ಹೇರಿದಾಗ ಏನಾಗುತ್ತದೆಂದು ನೀವೇ ಊಹಿಸಿ.

ಮುಖ್ಯ ವಿಷಯ ಮೂತಿಯದು. 800ರ ಎಂಜಿನ್ ಮುಂದಿದೆ. ಓಮ್ನಿಯದು ಮುಂದಿನ ಆಸನಗಳ ಕೆಳಗೆ. ಒಟ್ಟು ಉದ್ದ ಹೆಚ್ಚುಕಡಿಮೆ ಒಂದೇ ಆದರೂ ಓಮ್ನಿಯ ಚಾಲಕನ ಕಾಲುಗಳ ಮುಂದೆ ನಜ್ಜುಗುಜ್ಜಾಗಲು ಜಾಗವೇ ಇಲ್ಲವೆನ್ನಬೇಕು. ಗಂಟೆಗೆ 54 ಕಿ.ಮೀ., ಅಂದರೆ ಸೆಕೆಂಡಿಗೆ 15 ಮೀ. ವೇಗದ ವಾಹನ ಗೋಡೆಗೆ ಬಡಿದು, ಅರ್ಧ ಮೀಟರ್ ಕುಗ್ಗಿ ನಿಂತಿತೆನ್ನೋಣ. ಸರಾಸರಿ ಋಣ ವೇಗೋತ್ಕರ್ಷ ಗುರುತ್ವದ ಸುಮಾರು 23 ಪಟ್ಟು. ಕಾಲು ಮೀಟರ್ ಮಾತ್ರ ಕುಗ್ಗಿದರೆ 46 ಪಟ್ಟು. ಹೊಸ ಅಪಘಾತ ಸುರಕ್ಷತಾ ನಿಯಮಗಳು ಬಂದ 2019ರಲ್ಲಿ ಓಮ್ನಿಯ ತಯಾರಿಕೆ ನಿಂತದ್ದು ಆಕಸ್ಮಿಕವಲ್ಲ.

2014ರಲ್ಲಿ ತಯಾರಿಕೆ ನಿಂತ 800 ಕೂಡ ಸುರಕ್ಷಿತ ಕಾರೇನಲ್ಲ, ಅದರಲ್ಲೂ ಗಾಳಿಚೀಲಗಳಿರಲಿಲ್ಲ. ಟೊಮೇಟೊ ಕ್ರೇಟುಗಳನ್ನು ನಿಧಾನವಾಗಿ ಸಾಗಿಸಲು ಓಮ್ನಿಯ ಸಮತಟ್ಟು ನೆಲ, ಜಾರುಬಾಗಿಲು ಬಲು ಅನುಕೂಲ. ಆದರೆ ಶಾಲಾಮಕ್ಕಳನ್ನು ತುಂಬಿಕೊಂಡು ಹೆದ್ದಾರಿಗೆ ಇಳಿಯಲು ಅದನ್ನು ನಾನು ಒಪ್ಪಲಾರೆ.

ಶಿಕ್ಷಕರು ಶಾಲೆಯ ಮುಂದೆ ನಿಂತ ಯಾವುದೇ ಎರಡು ವಾಹನಗಳನ್ನು ವಿದ್ಯಾರ್ಥಿಗಳಿಂದ ಟೇಪು ಹಿಡಿಸಿ ಅಳೆಸಬಹುದು: ಅಗಲ, ಎತ್ತರ, ಚಕ್ರಗಳ ಅಂತರ, ಮುಂದಿನ ಬಂಪರಿನಿಂದ ಪೆಡಲಿನವರೆಗಿನ ದೂರ.