ಅಚ್ಚಾದ ಬಿನ್ನಹ, ಆಡದ ಮೊರೆ: ವಿಶ್ವಾಸಿಗಳ ಪ್ರಾರ್ಥನೆಯ ಒಂದು ವಿಮರ್ಶೆ

2025ರ ಜ್ಯೂಬಿಲಿಗೆ ಸಿದ್ಧತೆಯಾಗಿ ಜಗದ್ಗುರು ಫ್ರಾನ್ಸಿಸರು 2024ನ್ನು ಪ್ರಾರ್ಥನೆಯ ವರ್ಷವೆಂದು ಸಾರಿದರು. ಆ ವರ್ಷ ಕಳೆದಿದೆ. ಅದು ನಮ್ಮ ಮುಂದಿಟ್ಟ ಒಂದು ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ: ದೇವಾಲಯದಲ್ಲಿ ನಾವು ಸಲ್ಲಿಸುವ ಪ್ರಾರ್ಥನೆಯೂ ಮನೆಯಲ್ಲಿ, ಹೊಲದಲ್ಲಿ ಜನರ ಎದೆಯಿಂದ ಹೊರಡುವ ಮೊರೆಯೂ ಒಂದೇ ಆಗಿವೆಯೇ? ಇದನ್ನು ಪರೀಕ್ಷಿಸಲು ಬಲಿಪೂಜೆಯಲ್ಲಿ ತಕ್ಕ ಸ್ಥಳವೊಂದಿದೆ. ಅದು ಪ್ರಬೋಧನೆಗೂ ಕಾಣಿಕೆಯ ವಿಧಿಗೂ ನಡುವೆ ಬರುವ ವಿಶ್ವಾಸಿಗಳ ಪ್ರಾರ್ಥನೆ.

ಈ ಪ್ರಾರ್ಥನೆ ಬಹು ಪುರಾತನವಾದುದು. ಎರಡನೆಯ ಶತಮಾನದ ನಡುವಿನಲ್ಲಿ ರಕ್ತಸಾಕ್ಷಿ ಸಂತ ಜಸ್ಟಿನರು ರೋಮಿನ ಕ್ರೈಸ್ತರ ಆರಾಧನೆಯನ್ನು ವಿವರಿಸುವಾಗ, ಹೊಸದಾಗಿ ಸ್ನಾನದೀಕ್ಷೆ ಪಡೆದವನನ್ನು ಸಹೋದರರ ನಡುವೆ ಕರೆತಂದು ಎಲ್ಲರೂ ಕೂಡಿ ತಮಗಾಗಿ, ಅವನಿಗಾಗಿ, ಎಲ್ಲೆಡೆಯ ಸಕಲರಿಗಾಗಿ ಬೇಡುತ್ತಿದ್ದರೆಂದು ಬರೆದಿದ್ದಾರೆ. ಕಾಲಕ್ರಮೇಣ ರೋಮನ್ ವಿಧಿಯಲ್ಲಿ ಇದು ಮರೆಯಾಗಿ, ಶುಭ ಶುಕ್ರವಾರದ ಬಿನ್ನಹಗಳಲ್ಲಿ ಮಾತ್ರ ಉಳಿಯಿತು. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಪ್ರಕಟಿಸಿದ ದೈವಾರಾಧನೆಯ ಸಂವಿಧಾನವು, ಅದರ 53ನೆಯ ಪರಿಚ್ಛೇದದಲ್ಲಿ, ಇದನ್ನು ಮರಳಿ ಸ್ಥಾಪಿಸಿತು. ಸ್ನಾನದೀಕ್ಷೆಯಿಂದ ಬಂದ ಯಾಜಕತ್ವವನ್ನು ಜನರು ಇಲ್ಲಿ ಚಲಾಯಿಸುತ್ತಾರೆ. ಗುರುವು ಆಹ್ವಾನಿಸುತ್ತಾನೆ, ಕೊನೆಯಲ್ಲಿ ಸಮಾಪ್ತಿಗೊಳಿಸುತ್ತಾನೆ. ಧರ್ಮಸಭೆಗಾಗಿ, ಆಳುವವರಿಗೂ ಲೋಕದ ಉದ್ಧಾರಕ್ಕೂ, ಕಷ್ಟದಲ್ಲಿರುವವರಿಗಾಗಿ, ಸ್ಥಳೀಯ ಸಮುದಾಯಕ್ಕಾಗಿ ಎಂಬುದು ಬಿನ್ನಹಗಳ ಕ್ರಮ.

ನಮ್ಮ ಆಕ್ಷೇಪವಿರುವುದು ಈ ನಾಲ್ಕನೆಯದರ ಬಗ್ಗೆ. ಎಲ್ಲೋ ಅಚ್ಚಾದ ಪುಸ್ತಕದಿಂದ ಓದುವ ಬಿನ್ನಹ ಯಾವ ಊರಿಗೂ ಸಲ್ಲುತ್ತದೆ. ಆದುದರಿಂದಲೇ ಯಾವ ಊರಿಗೂ ಪೂರ್ತಿಯಾಗಿ ಸಲ್ಲುವುದಿಲ್ಲ. ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯ ಸೀಮೆಯನ್ನು ನೋಡೋಣ. ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. ರಾಗಿ, ಟೊಮೆಟೊ, ಹಿಪ್ಪುನೇರಳೆ ಇಲ್ಲಿನ ಬದುಕು. ಎಷ್ಟೋ ಮನೆಗಳ ಮಾತು ತೆಲುಗು. ಇಂಥ ಕಡೆ ರೈತರಿಗೆ ಸಕಾಲದಲ್ಲಿ ಮಳೆಬೆಳೆ ಸಿಗಲಿ ಎಂಬ ಒಂದು ಸಾಲನ್ನು ಓದಿ, ಎಲ್ಲರೂ ಒಂದೇ ಸ್ವರದಲ್ಲಿ ಪ್ರತ್ಯುತ್ತರ ಹೇಳಿದರೆ ಪ್ರಾರ್ಥನೆ ಮುಗಿಯಿತೇ?

ಒಂದು ಬೇಸಿಗೆಯಲ್ಲಿ ಹೊಸ ಕೊಳವೆಬಾವಿಯನ್ನು ಆಶೀರ್ವದಿಸಲು ಆ ಕಡೆಯ ತೋಟವೊಂದಕ್ಕೆ ಹೋಗಿದ್ದೆವು. ತೀರ್ಥ ಚಿಮುಕಿಸಿದ ಮೇಲೆ ಆ ಮನೆಯ ತಾಯಿ ನಮ್ಮನ್ನು ಪಕ್ಕಕ್ಕೆ ಕರೆದು ಕೇಳಿದರು: “ಸ್ವಾಮಿ, ನಮ್ ಬೋರಿಗೆ ನೀರು ಬಿದ್ದ ವಾರಕ್ಕೇ ಪಕ್ಕದ ತೋಟದೋರ ಬೋರು ನಿಂತೋಯ್ತು. ಈಗ ನಾನು ದೇವರಿಗೆ ಸ್ತೋತ್ರ ಹೇಳ್ಬೇಕಾ, ತಪ್ಪಾಯ್ತು ಅನ್ಬೇಕಾ?” ಪಕ್ಕದ ತೋಟದವರು ಕ್ರೈಸ್ತರಲ್ಲ. ನಾವು ಏನೋ ಸಮಾಧಾನದ ಮಾತು ಹೇಳಿ ಹಿಂದಿರುಗಿದೆವು. ಆ ಭಾನುವಾರವೂ ಪುಸ್ತಕದ ಬಿನ್ನಹಗಳನ್ನೇ ಓದಿಸಿದೆವು. ದೈವಶಾಸ್ತ್ರ ಕಲಿಸುವ ನಮಗಿಂತ ಆ ತಾಯಿ ಪ್ರಾರ್ಥನೆಯ ಗಡಿಯನ್ನು ಚೆನ್ನಾಗಿ ಕಂಡಿದ್ದರು. ನಮ್ಮ ಬೇಡಿಕೆ ಈಡೇರಿದಾಗ ಇನ್ನೊಬ್ಬರಿಗೆ ನಷ್ಟವಾದರೆ ಕೃತಜ್ಞತೆಯ ಅರ್ಥವೇನು ಎಂಬುದೇ ಅವರ ಪ್ರಶ್ನೆ.

ಧರ್ಮಸಭೆಯ ಪಿತೃಗಳಲ್ಲಿ ಇದಕ್ಕೆ ದಾರಿಯಿದೆ. ಪ್ರಭು ಕಲಿಸಿದ ಪ್ರಾರ್ಥನೆಯಲ್ಲಿ ಯಾರೂ ತಮ್ಮೊಬ್ಬರ ಆಹಾರವನ್ನು ಕೇಳುವುದಿಲ್ಲ, ನಮ್ಮೆಲ್ಲರದನ್ನು ಕೇಳುತ್ತಾರೆ ಎಂಬುದನ್ನು ಮೂರನೆಯ ಶತಮಾನದಲ್ಲಿ ಕಾರ್ತೇಜಿನ ಸಂತ ಸಿಪ್ರಿಯಾನರು ಒತ್ತಿ ಹೇಳಿದರು. ದೇವರಿಗೆ ನಮ್ಮ ಕೊರತೆಯನ್ನು ತಿಳಿಸಲು ನಾವು ಬೇಡುವುದಲ್ಲ, ಬೇಡುವುದರಿಂದ ನಮ್ಮ ಬಯಕೆಯೇ ವಿಸ್ತಾರಗೊಳ್ಳುತ್ತದೆ ಎಂಬುದು ಪ್ರೋಬಾ ಎಂಬ ವಿಧವೆಗೆ ಸಂತ ಅಗಸ್ಟೀನರು ಬರೆದ ಪತ್ರದ ಸಾರ. ಬಲಿಪೀಠದ ಬಳಿ ಸಹೋದರನ ಮನಸ್ತಾಪ ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಂಧಾನ ಮಾಡಿಕೊಳ್ಳಬೇಕೆಂದು ಪ್ರಭುವೇ ಬೋಧಿಸಿದ್ದಾರೆ. ಇವನ್ನು ಒಟ್ಟಿಗೆ ಇಟ್ಟು ನೋಡಿದರೆ ಆ ತಾಯಿ ಎರಡನ್ನೂ ಹೇಳಬೇಕು: ಸಿಕ್ಕಿದ್ದಕ್ಕೆ ಸ್ತೋತ್ರ, ಇನ್ನೊಬ್ಬರಿಗೆ ತಪ್ಪಿದ್ದಕ್ಕೆ ಅಳಲು. ಈ ಎರಡೂ ನಿಜವಾದರೆ ಮೂರನೆಯದೊಂದು ಹುಟ್ಟುತ್ತದೆ. ನೀರನ್ನು ಹಂಚಿಕೊಳ್ಳುವ ಮನಸ್ಸಿಗಾಗಿ ಬೇಡುವುದು.

ಇದಕ್ಕೆ ಆಕ್ಷೇಪಗಳುಂಟು. ಪುಸ್ತಕ ಬಿಟ್ಟರೆ ಬಿನ್ನಹಗಳು ಪ್ರಕಟಣೆಗಳಾಗುತ್ತವೆ, ದಾನಿಗಳ ಹೊಗಳಿಕೆಯಾಗುತ್ತವೆ, ಕೆಲವೊಮ್ಮೆ ಊರಿನ ಜಗಳವೇ ಪೀಠದ ಮುಂದೆ ಬರುತ್ತದೆ. ಇದು ನಿಜ, ನಾವೂ ಕಂಡಿದ್ದೇವೆ. ಆದರೆ ಪೂಜಾಗ್ರಂಥದ ಸಾಮಾನ್ಯ ನಿರ್ದೇಶನಗಳು ಬಿನ್ನಹಗಳು ವಿವೇಕಯುತ ಸ್ವಾತಂತ್ರ್ಯದಿಂದ, ಮಿತವಾದ ಮಾತುಗಳಲ್ಲಿ ರಚಿತವಾಗಿ, ಇಡೀ ಸಮುದಾಯದ ಪ್ರಾರ್ಥನೆಯನ್ನು ವ್ಯಕ್ತಪಡಿಸಬೇಕೆಂದು ವಿಧಿಸುತ್ತವೆ. ಸ್ವಾತಂತ್ರ್ಯಕ್ಕೆ ಹೆದರಿ ವಿವೇಕದ ಶ್ರಮವನ್ನೇ ಕೈಬಿಡುವುದು ನಿಯಮಪಾಲನೆಯಲ್ಲ. ಪ್ರಾರ್ಥನೆಯನ್ನು ಸಮಾಜಸೇವೆಯ ಕಾರ್ಯಕ್ರಮವಾಗಿಸುತ್ತಿದ್ದೀರಿ ಎಂದೂ ಕೆಲವರು ಹೇಳಬಹುದು. ಪ್ರಾರ್ಥನೆ ಮೊದಲಿಗೆ ಕೃಪೆಯೇ. ಆದರೆ ಆ ಕೃಪೆ ನೆರೆಯವನನ್ನು ಬಿಟ್ಟು ಬರುವುದೆಂದು ಶುಭಸಂದೇಶ ಎಲ್ಲಿಯೂ ಹೇಳುವುದಿಲ್ಲ. ಸಕಲ ಮಾನವರಿಗಾಗಿ ಬಿನ್ನಹ ಸಲ್ಲಿಸಬೇಕೆಂಬುದು ತಿಮೊಥೇಯನಿಗೆ ಬರೆದ ಮೊದಲ ಪತ್ರದ ಆದೇಶ. ಇದು ವಿಶ್ವಾಸಿಗಳು ಸಲ್ಲಿಸುವ ಪ್ರಾರ್ಥನೆ, ವಿಶ್ವಾಸಿಗಳಿಗಾಗಿ ಮಾತ್ರ ಸಲ್ಲುವ ಪ್ರಾರ್ಥನೆಯಲ್ಲ.

ತಪ್ಪಿನ ಪಾಲು ಗುರುಮಠಗಳಲ್ಲಿ ಕಲಿಸುವ ನಮ್ಮದೂ ಹೌದು. ವಿಧಿಯ ಇತಿಹಾಸವನ್ನು ವಿದ್ಯಾರ್ಥಿಗಳಿಗೆ ಬಾಯಿಪಾಠ ಮಾಡಿಸುತ್ತೇವೆ. ಒಂದು ಊರಿನ ಒಂದು ವಾರವನ್ನು ಕೇಳಿ ತಿಳಿದು, ನಾಲ್ಕು ಸಾಲಿನ ಬಿನ್ನಹ ಬರೆಯಲು ಕಲಿಸುವುದಿಲ್ಲ. ಭೂಮಿಯ ಫಲಕ್ಕಾಗಿ, ಮಾನವರ ದುಡಿಮೆಗಾಗಿ ವಿಶೇಷ ಪ್ರಾರ್ಥನೆಯ ದಿನಗಳನ್ನು ಸ್ಥಳೀಯ ಅಗತ್ಯಕ್ಕೆ ತಕ್ಕಂತೆ ಹೊಂದಿಸಿಕೊಳ್ಳಲು 1969ರ ಆರಾಧನಾ ವರ್ಷದ ನಿಯಮಗಳೇ ಅವಕಾಶ ಕೊಟ್ಟಿವೆ. ಬಯಲುಸೀಮೆಯ ಧರ್ಮಕೇಂದ್ರಗಳು ಅದನ್ನು ಬಳಸಿಕೊಳ್ಳುವಂತೆ ನಾವು ಕೇಳಬೇಕು. ಮನೆಗಳಲ್ಲಿ ಸಂಜೆ ಜಪಸರ ಮಾಡುವವರು ಪ್ರತಿ ದಶಕಕ್ಕೂ ಮುನ್ನ ಹೇಳಿಕೊಳ್ಳುವ ಉದ್ದೇಶಗಳೇ ಬಿನ್ನಹಗಳಿಗೆ ಮೊದಲ ಕರಡು. ಅವನ್ನು ಶನಿವಾರದೊಳಗೆ ಕೇಳಿ ಬರೆದುಕೊಳ್ಳಲು ಒಬ್ಬ ಉಪದೇಶಿಯಿದ್ದರೆ ಸಾಕು.

ಮುಂದಿನ ಸಲ ಆ ತೋಟಕ್ಕೆ ಹೋದಾಗ ಆ ತಾಯಿಗೆ ಉತ್ತರ ಹೇಳಬೇಕೆಂದಿದ್ದೇವೆ. ಅದಕ್ಕೂ ಮೊದಲು, ಪಕ್ಕದ ತೋಟದವರ ಬತ್ತಿದ ಬಾವಿಗಾಗಿ ಭಾನುವಾರದ ಬಲಿಪೂಜೆಯಲ್ಲಿ ಒಂದು ಬಿನ್ನಹವನ್ನು ಅವರೇ ಓದುವಂತೆ ಕೇಳಿಕೊಳ್ಳುತ್ತೇವೆ.