ಕಡೆಮಡೆಯ ವಿದ್ಯುತ್ತು

ಫೋರ್‌ವೀಲ್ ಗಾಡಿಯ ವ್ಯಸನಕ್ಕೆ ಬಿದ್ದವರು ಪರಸ್ಪರ ಭೇಟಿಯಾದಾಗ ಮೊದಲು ಟಯರುಗಳನ್ನು ಮುಟ್ಟಿ ನೋಡುವುದೂ, ಮುಂದಿನ ಬಂಪರಿಗೆ ಬಿಗಿದ ವಿಂಚನ್ನೂ ಮಾಡಿನ ಮೇಲಿನ ದೀಪಮಾಲೆಯನ್ನೂ ಕೊಂಡಾಡುವುದೂ ವಾಡಿಕೆ. ನಾನಾದರೋ ಈಚೆಗೆ ನೇರವಾಗಿ ಹಿಂಬಾಗಿಲನ್ನು ತೆರೆಯಿಸಿ, ಎರಡನೆಯ ಬ್ಯಾಟರಿ ಎಲ್ಲಿದೆ, ಅಲ್ಲಿಗೆ ಬಂದ ತಂತಿಯ ದಪ್ಪವೆಷ್ಟು ಎಂದು ವಿಚಾರಿಸುತ್ತೇನೆ. ಈ ವಿಚಿತ್ರ ಕುತೂಹಲಕ್ಕೆ ಮೂಲವಾದದ್ದು ಒಂದು ಪಾತ್ರೆ ಹುಳಿಮೊಸರು.

ಕಳೆದ ಬೇಸಗೆಯಲ್ಲಿ ಧರ್ಮಪುರಿಯಿಂದ ಪೆನ್ನಾಗರಂ ಮಾರ್ಗವಾಗಿ ಹೊಗೇನಕಲ್ಲಿಗೆ ಹೊರಟ ನಾವು, ದಾರಿಯಲ್ಲಿ ಮಿತ್ರರೊಬ್ಬರ ಮಾವಿನ ತೋಪಿನಲ್ಲಿ ರಾತ್ರಿ ತಂಗಿದೆವು. ಜೀಪಿನ ಹಿಂಭಾಗದಲ್ಲಿ ಹನ್ನೆರಡು ವೋಲ್ಟಿನ ಸಣ್ಣದೊಂದು ಫ್ರಿಜ್ಜು, ಅದರ ಪಕ್ಕದಲ್ಲಿ ಅದರ ಪೋಷಣೆಗೆಂದೇ ಇರಿಸಿದ ಬ್ಯಾಟರಿ. ಬಾನೆಟ್ಟಿನ ಕೆಳಗಿನ ಕಾವು ಬ್ಯಾಟರಿಯ ಆಯುಷ್ಯವನ್ನು ತಿನ್ನುವುದಾದ್ದರಿಂದಲೂ, ಅಲ್ಲಿ ಎರಡನೆಯದಕ್ಕೆ ಎಡೆಯಿಲ್ಲವಾದ್ದರಿಂದಲೂ ಅದನ್ನು ಹಿಂದಕ್ಕೆ ಒಯ್ದಿದ್ದೆ; ನೀರು ತುಂಬುವ ಬ್ಯಾಟರಿ ಚಾರ್ಜಾಗುವಾಗ ಜಲಜನಕವನ್ನು ಹೊರಸೂಸುವುದೆಂಬ ಭಯದಿಂದ ಸೀಲು ಮಾಡಿದ್ದನ್ನೇ ಕೊಂಡಿದ್ದೆ. ಇಷ್ಟೆಲ್ಲ ವಿವೇಕ ಮೆರೆದವನು ಎರಡು ಬ್ಯಾಟರಿಗಳ ನಡುವಣ ತಂತಿಯನ್ನು ಮಾತ್ರ ಅಂಗಡಿಯವನು ಕೊಟ್ಟಂತೆ ತೆಗೆದುಕೊಂಡಿದ್ದೆ. ನಡುರಾತ್ರಿಯ ಹೊತ್ತಿಗೆ ಫ್ರಿಜ್ಜು ಮೌನ ತಾಳಿತು; ಬೆಳಗ್ಗೆ ಮೊಸರನ್ನದ ಆಸೆಯಿಂದ ಪಾತ್ರೆ ತೆರೆದ ಮನೆಯಾಕೆ ಮಾತಾಡದೆ ಅದನ್ನು ನನ್ನ ಮುಂದೆ ಹಿಡಿದಳು.

ಧರ್ಮಪುರಿಗೆ ಮರಳಿ, ಮನೆಯೊಳಗೆ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುವ ವೃದ್ಧ ಎಲೆಕ್ಟ್ರಿಷಿಯನ್ನರೊಬ್ಬರಲ್ಲಿಗೆ ಹೋದೆ. ಎಂಜಿನ್ನು ಓಡುತ್ತಿರುವಾಗ ಅವರು ಮುಂದಿನ ಬ್ಯಾಟರಿಗೆ ಮೀಟರಿನ ಕಡ್ಡಿಗಳನ್ನು ಮುಟ್ಟಿಸಿದರು: 14.2 ವೋಲ್ಟು. “ಡೈನಮೋ ಚೆನ್ನಾಗಿದೆಯಲ್ಲ!” ಎಂದು ನಾನು ಉಬ್ಬಿದೆ. ಅವರು ಉತ್ತರ ಕೊಡದೆ ಹಿಂದಕ್ಕೆ ನಡೆದು ಅಲ್ಲಿ ಮುಟ್ಟಿಸಿದರು: 12.8.

“ತಲೆಮಡೆ ಗದ್ದೆ ಹಸುರಾಗಿದೆ ಅಂತ ಕಡೆಮಡೆಗೂ ನೀರು ಬಂದಿದೆ ಅಂದ್ಕೊಂಡ್ರಾ ಸ್ವಾಮಿ?”

ಕಾವೇರಿಯ ಸೀಮೆಯ ತಮಿಳು ರೈತರ ನಾಲಗೆಯಲ್ಲಿ ನಿತ್ಯ ಸುಳಿಯುವ ‘ಕಡೈಮಡೈ’ಯನ್ನೇ ಅವರು ಕನ್ನಡಕ್ಕೆ ತಿರುಗಿಸಿದ್ದರು. 1934ರಲ್ಲಿ ಕಟ್ಟಿ ಮುಗಿಸಿದ ಮೆಟ್ಟೂರಿನ ಜಲಾಶಯದಲ್ಲಿ ನೀರು 120 ಅಡಿಯ ಪೂರ್ಣಮಟ್ಟದಲ್ಲಿ ನಿಂತಿದ್ದರೂ, ಕಾಲುವೆಯ ಕೊನೆಯ ತೂಬಿನ ರೈತನು ತನ್ನ ಗದ್ದೆಯನ್ನು ನೋಡಿಯೇ ಮಾತಾಡತಕ್ಕವನು.

ಲೆಕ್ಕ ಸರಳವಾದದ್ದು. ಒಂದು ಚದರ ಮಿಲಿಮೀಟರು ದಪ್ಪದ ತಾಮ್ರದ ತಂತಿಯು ಮೀಟರೊಂದಕ್ಕೆ ಸುಮಾರು 0.017 ಓಮ್ ತಡೆ ಒಡ್ಡುತ್ತದೆ. ದಪ್ಪ ಹೆಚ್ಚಿದಂತೆ ತಡೆ ತಗ್ಗುತ್ತದೆ. ನನ್ನ ಜೀಪಿನಲ್ಲಿ ಹೋಗುವ ದಾರಿ ಐದು ಮೀಟರು, ಬರುವ ದಾರಿಯೂ ಐದು, ತಂತಿ 2.5 ಚದರ ಮಿಲಿಮೀಟರಿನದು. ಹರಿಯುತ್ತಿದ್ದ ಪ್ರವಾಹ 20 ಆಂಪಿಯರ್. ಗುಣಿಸಿ ಭಾಗಿಸಿದರೆ 1.4 ವೋಲ್ಟಿನಷ್ಟು ದಾರಿಯಲ್ಲೇ ಶಾಖವಾಗಿ ಸೋರಿಹೋಗುತ್ತಿತ್ತು. 12.7 ವೋಲ್ಟಿನ ಸುಮಾರಿನಲ್ಲಿ ತುಂಬಿ ವಿಶ್ರಮಿಸುವ ಸೀಸದ ಬ್ಯಾಟರಿಯನ್ನು ತುಂಬಲು 14ಕ್ಕೆ ಮೇಲ್ಪಟ್ಟ ಒತ್ತಡ ಬೇಕು, 12.8 ಎಂಬುದು ಹೊಸ್ತಿಲಲ್ಲೇ ನಿಂತ ಅತಿಥಿ. ಬ್ಯಾಟರಿ ತುಂಬುತ್ತ ಬಂದಂತೆ ಪ್ರವಾಹ ಕುಗ್ಗಿ ನಷ್ಟವೂ ಕುಗ್ಗುವುದು ನಿಜವಾದರೂ, ಒಂದೆರಡು ಗಂಟೆಗಳ ಪಯಣದಲ್ಲಿ ಆ ಘಳಿಗೆ ಬರುವುದಿಲ್ಲ. ಸದಾ ಅರೆಹೊಟ್ಟೆಯಲ್ಲಿರುವ ಸೀಸದ ಫಲಕಗಳ ಮೇಲೆ ಸಲ್ಫೇಟು ಗಟ್ಟಿಗಟ್ಟಿ ಬ್ಯಾಟರಿಯೇ ಅಕಾಲ ವಾರ್ಧಕ್ಯಕ್ಕೆ ಗುರಿಯಾಗುತ್ತದೆ.

ದೂರಕ್ಕೆ ವಿದ್ಯುತ್ತನ್ನು ಒಯ್ಯುವ ಈ ಸಮಸ್ಯೆಯನ್ನು ಇದೇ ಕಾವೇರಿಯ ಮೇಲ್ದಂಡೆಯಲ್ಲಿ ನಮ್ಮವರು 1902ರಲ್ಲಿಯೇ ಎದುರಿಸಿದ್ದರು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 92 ಮೈಲಿ ತಂತಿಯೆಳೆದಾಗ, ಅವರು ವೋಲ್ಟನ್ನು ಹತ್ತಾರು ಸಾವಿರಕ್ಕೆ ಏರಿಸಿ ಪ್ರವಾಹವನ್ನು ಇಳಿಸಿದರು. ಆದ್ದರಿಂದಲೇ ತಂತಿಯ ಸೋರಿಕೆ ಮಿತಿಯಲ್ಲಿ ಉಳಿಯಿತು. ಹನ್ನೆರಡು ವೋಲ್ಟಿಗೆ ಕಟ್ಟುಬಿದ್ದ ಜೀಪಿನ ಯಜಮಾನನಿಗೆ ಆ ಉಪಾಯವಿಲ್ಲ. ಅವನು ತಾಮ್ರದ ತೂಕವನ್ನೇ ಹೆಚ್ಚಿಸತಕ್ಕದ್ದು.

ನಾವು 16 ಚದರ ಮಿಲಿಮೀಟರಿನ, ನವಿರಾದ ಎಳೆಗಳನ್ನು ಹೊಸೆದ ತಂತಿಯನ್ನು ಆರಿಸಿದೆವು. ಅದನ್ನು ಎಳೆಯುವ ಕ್ರಮದಲ್ಲಿ ಆ ವೃದ್ಧರು ತೋರಿದ ಶ್ರದ್ಧೆ ದೇವರ ತೇರಿನ ಹಗ್ಗ ಕಟ್ಟುವವರದು. ಎರಡೂ ಕೊನೆಯಲ್ಲಿ ಬ್ಯಾಟರಿ ಇರುವುದರಿಂದ ಈ ತಂತಿಯ ಎರಡು ತುದಿಗಳೂ ಜೀವಂತ. ನಡುವೆ ಎಲ್ಲಿ ಸಿಪ್ಪೆ ಸವೆದು ಚಾಸಿಗೆ ತಗುಲಿದರೂ ಇಕ್ಕೆಲದಿಂದಲೂ ಬೆಂಕಿ ನುಗ್ಗುವುದು. ಆದಕಾರಣ ಪ್ರತಿ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಒಂದೊಂದು ಫ್ಯೂಸು. ಅದೂ ಫ್ರಿಜ್ಜಿನ ಅಳತೆಗಲ್ಲ, ತಂತಿ ತಾಳುವ ಅಳತೆಗೆ. ತಗಡನ್ನು ತೂರುವಲ್ಲಿ ರಬ್ಬರಿನ ಬಳೆ. ಮುಂದೆ ಸುಕ್ಕುಕೊಳವೆಯೊಳಗೆ, ಸೈಲೆನ್ಸರಿನ ಎದುರು ಬದಿಯ ಚಾಸಿಯ ಗುಂಟ ಪಯಣ. ಲಗ್ಗನ್ನು ಇಕ್ಕಳದಿಂದ ಜಜ್ಜಲು ಹೋದ ಶಿಷ್ಯನ ಕೈ ತಡೆದು, ಕ್ರಿಂಪಿಂಗ್ ಯಂತ್ರದಲ್ಲಿ ಒತ್ತಿಸಿ, ತಾವೇ ಬಲವಾಗಿ ಜಗ್ಗಿ ನೋಡಿದರು. ಎಂಜಿನ್ನು ನಿಂತೊಡನೆ ಎರಡು ಬ್ಯಾಟರಿಗಳನ್ನು ಬೇರ್ಪಡಿಸುವ ರಿಲೇ ನಡುವೆ ಕುಳಿತಿತು, ಅದು 13.3ರ ಸುಮಾರಿನಲ್ಲಿ ಕೂಡಿಸಿ, 12.8ರ ಹತ್ತಿರ ಅಗಲಿಸುವುದರಿಂದ, ಫ್ರಿಜ್ಜು ಇಡೀ ರಾತ್ರಿ ಉಂಡರೂ ಬೆಳಗ್ಗೆ ಸೆಲ್ಫ್ ಎತ್ತದೆ ಹೋಗುವ ಭಯವಿಲ್ಲ. ಡೈನಮೋ ತಾನಾಗಿ ವೋಲ್ಟನ್ನು ತಗ್ಗಿಸಿಕೊಳ್ಳುವ ಈಚಿನ ಹಲವು ಗಾಡಿಗಳಿಗಾದರೆ ರಿಲೇ ಸಾಲದು. ಬಂದದ್ದನ್ನು ಏರಿಸಿ ಕೊಡುವ ಡಿಸಿ–ಡಿಸಿ ಚಾರ್ಜರು ಬೇಕು.

ಕೆಲಸ ಮುಗಿದ ಮೇಲೆ ಅವರು ಮುಂದಿನ ಬ್ಯಾಟರಿಯ ಕಡೆ ತಿರುಗಿಯೂ ನೋಡದೆ ನೇರ ಹಿಂದಕ್ಕೆ ಹೋದರು. ಅದೇ 20 ಆಂಪಿಯರ್ ಹರಿಯುತ್ತಿರಲು, ಮೀಟರು 13.9 ತೋರಿತು. ಕಿತ್ತೆಸೆದ ಹಳೆಯ ತಂತಿಯನ್ನು ನಾನು ಕಾಲಿನಿಂದ ಸರಿಸಿದಾಗ ಅವರು ಬಾಗಿ ಎತ್ತಿಕೊಂಡು, ಮೊಳಕೈಗೆ ಸುತ್ತುತ್ತ, “ಇದನ್ನ ಬೈಯ್ಬೇಡಿ ಸ್ವಾಮಿ, ನಮ್ಮ ಕೊಟ್ಟಿಗೆ ದೀಪಕ್ಕೆ ಇದೇ ಹೆಚ್ಚು,” ಎಂದರು.