ಕಟ್ಟಿಸಿದವಳ ಹೆಸರು

ನನ್ನ ಮುಂದೆ ಮೂರು ಪ್ರವಾಸಿ ಪುಸ್ತಿಕೆಗಳಿವೆ. ಒಂದನ್ನು ಬಾದಾಮಿಯ ಬಸ್ ನಿಲ್ದಾಣದ ಹೊರಗೆ ಕೊಂಡೆ, ಇನ್ನೊಂದನ್ನು ಪಟ್ಟದಕಲ್ಲಿನ ಗುಡಿಗಳ ಎದುರಿಗೆ. ಮೂರನೆಯದು ಮನೆಗೆ ಬಂದಿದ್ದ ನೆಂಟರು ಮರೆತುಹೋದದ್ದು. ಹೆಸರು ಹೇಳುವುದು ಬೇಡ. ಒಂದನ್ನು ನೋಡಿ ಇನ್ನೊಂದನ್ನು ಬರೆದಂತಿರುವುದರಿಂದ ಒಂದರ ಹೆಸರು ಹೇಳಿದರೆ ಉಳಿದೆರಡಕ್ಕೆ ಅನ್ಯಾಯವಾದೀತು. ಮೂರರಲ್ಲೂ ಚಿತ್ರಗಳು ಚೆನ್ನಾಗಿವೆ, ಬೆಲೆಯೂ ಹೆಚ್ಚಲ್ಲ. ಆದರೆ ಓದಿ ಮುಗಿಸಿದ ಮೇಲೆ, ಮದುವೆ ಮನೆಗೆ ಹೋಗಿ ಊಟ ಮಾಡಿ ಮದುಮಗಳ ಮುಖ ನೋಡದೆ ಬಂದಂತೆ ಅನಿಸಿತು. ಯಾಕೆ ಎಂದು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಮ್ಮೂರಿನ ಮಾತು. ಲೋಕಾಪುರ ಯಾರೂ ನೋಡಲು ಬರುವ ಊರಲ್ಲ, ದಾಟಿ ಹೋಗುವ ಊರು. ಬೆಳಗಾವಿ ಕಡೆಯಿಂದ ಬಾಗಲಕೋಟೆಗೆ ಹೋಗುವ ಬಸ್ಸು ಇಲ್ಲಿ ನಿಂತಾಗ, ಕ್ಯಾಮೆರಾ ಹೆಗಲಿಗೆ ಹಾಕಿಕೊಂಡವರು ಇಳಿದು ಚಹಾ ಕುಡಿದು, 'ಬಾದಾಮಿ ಇನ್ನೆಷ್ಟು ದೂರ?' ಎಂದು ಕೇಳಿ ಹೋಗುತ್ತಾರೆ. ಇಷ್ಟು ಹತ್ತಿರವಿದ್ದು ನಾವು ಕಂಡದ್ದೇನು? ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ. ತೇರು ನೋಡುವುದು, ಬುಟ್ಟಿಯಲ್ಲಿ ರೊಟ್ಟಿ, ಗಡಿಗೆಯಲ್ಲಿ ಮೊಸರು ಇಟ್ಟುಕೊಂಡು ಕೂತ ಹೆಣ್ಣುಮಕ್ಕಳ ಹತ್ತಿರ ಉಣ್ಣುವುದು, ಬಳೆ ಇಡಿಸಿಕೊಂಡು ಬರುವುದು. ನಮ್ಮ ಅತ್ತೆಯವರು ಐವತ್ತು ವರ್ಷ ಆ ಜಾತ್ರೆಗೆ ಹೋದವರು. ಬಾದಾಮಿಯ ಗುಹೆಗಳನ್ನು ಕಂಡದ್ದು ಬಸ್ಸಿನ ಕಿಟಕಿಯಿಂದ ಮಾತ್ರ. 'ಅಲ್ಲೇನೈತಿ, ಮಂಗ್ಯಾನ ಕಾಟ' ಎಂದು ಮಾವನವರು ಹೇಳಿದ್ದರಂತೆ. ಮಂಗಗಳ ಕಾಟ ಇರುವುದೂ ನಿಜವೇ.

ಪುಸ್ತಿಕೆಗಳ ವಿಷಯಕ್ಕೆ ಬರುತ್ತೇನೆ. ಇವುಗಳ ಮೊದಲ ಚಟ ಲೆಕ್ಕ. ಮೊದಲ ಗುಹೆಯ ನಟರಾಜನಿಗೆ ಹದಿನೆಂಟು ಕೈ. ಮೂರನೆಯ ಗುಹೆ ಮಂಗಳೇಶ ಮಾಡಿಸಿದ್ದು, 578. ಐಹೊಳೆಯ ಮೇಗುತಿ 634. ಪಟ್ಟದಕಲ್ಲು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 1987. ಇವೆಲ್ಲ ಸರಿಯೇ, ಬೇಕಾದವೇ. ಎರಡನೆಯ ಚಟ ಶೈಲಿ. ಇದು ನಾಗರ, ಅದು ದ್ರಾವಿಡ ಎಂದು ಬರೆದು ಮುಂದಕ್ಕೆ ಹೋಗಿಬಿಡುತ್ತಾರೆ. ಶಿಖರ ಹೇಗಿದ್ದರೆ ನಾಗರ, ಹೇಗಿದ್ದರೆ ದ್ರಾವಿಡ ಎಂದು ಒಂದು ಗೆರೆಯ ಚಿತ್ರ ಹಾಕಿದ್ದರೆ ರಂಗೋಲಿ ಹಾಕುವ ಯಾವ ಹೆಣ್ಣುಮಗಳಿಗಾದರೂ ಅರ್ಧ ನಿಮಿಷದಲ್ಲಿ ತಿಳಿಯುತ್ತಿತ್ತು. ಸರಳವಾಗಿ ಮೇಲೇರುವ ಗೆರೆ ಒಂದು, ಮೆಟ್ಟಿಲು ಮೆಟ್ಟಿಲಾಗಿ ಏರುವ ಗೆರೆ ಇನ್ನೊಂದು. ಅಷ್ಟೇ.

ನಮ್ಮ ಮುಧೋಳದ ಬಗ್ಗೆ ಒಂದು ಪುಸ್ತಿಕೆಯಲ್ಲಿ ನಾಲ್ಕೇ ಸಾಲು ಇವೆ. ಅದರಲ್ಲಿ ಮೂರು ನಾಯಿಯ ಬಗ್ಗೆ! ಮುಧೋಳದ ನಾಯಿಯ ಮೇಲೆ ನನಗೆ ಸಿಟ್ಟಿಲ್ಲ, ಚೆಂದದ ಪ್ರಾಣಿ. ಆದರೆ ಅದೇ ನೆಲದಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನಿಗೆ ಒಂದೇ ಸಾಲು. 993ರಲ್ಲಿ ಅವನಿಂದ ಅಜಿತಪುರಾಣ ಬರೆಯಿಸಿದ ಅತ್ತಿಮಬ್ಬೆಗೆ ಅದೂ ಇಲ್ಲ. ರನ್ನ ತನ್ನ ಮಗಳಿಗೆ ಅವಳ ಹೆಸರನ್ನೇ ಇಟ್ಟನು. ಕವಿಗೆ ಇದ್ದ ನೆನಪು ಪುಸ್ತಿಕೆಗೆ ಇಲ್ಲ.

ಕಳೆದ ಚಳಿಗಾಲ ನಾವು ಓಣಿಯ ಹೆಂಗಸರು ಒಂದು ಗಾಡಿ ಮಾಡಿಕೊಂಡು ಪಟ್ಟದಕಲ್ಲಿಗೆ ಹೋದೆವು. ಅತ್ತೆಯವರೂ ಬಂದರು. ಬುತ್ತಿ ಕಟ್ಟಿಕೊಂಡಿದ್ದೆವು: ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ, ಮೊಸರನ್ನ. ಮಲಪ್ರಭೆ ಅಲ್ಲಿ ಉತ್ತರಕ್ಕೆ ತಿರುಗಿ ಹರಿಯುತ್ತಾಳೆ, ಆದ್ದರಿಂದ ಪುಣ್ಯಸ್ಥಳ ಎಂದು ಹಿರಿಯರ ನಂಬಿಕೆ. ಅತ್ತೆಯವರು ಮೊದಲು ಹೊಳೆಗೆ ಕೈಮುಗಿದೇ ಒಳಗೆ ಬಂದರು. ವಿರೂಪಾಕ್ಷನ ಗುಡಿಯಲ್ಲಿ ಇಂದಿಗೂ ಪೂಜೆ ಇದೆ. ಕಾಯಿ ಒಡೆಸಿ ಹೊರಗೆ ಬಂದು ನಂದಿಯ ಮಂಟಪದ ನೆರಳಿಗೆ ಕೂತ ಅವರು ಕೇಳಿದ್ದು ಒಂದೇ ಪ್ರಶ್ನೆ: "ಇಷ್ಟ ದೊಡ್ಡ ಗುಡಿ ಯಾರು ಕಟ್ಟಿಸಿದ್ದಬೇ?"

ವಿವರಿಸಲು ಬಂದಿದ್ದ ಹುಡುಗ ಥಟ್ಟನೆ, "ಎರಡನೆಯ ವಿಕ್ರಮಾದಿತ್ಯರೀ, ಚಾಲುಕ್ಯ ರಾಜಾ" ಎಂದ. ನಾನು ರಾಣಿಯ ಹೆಸರು ಎತ್ತಿದೆ. ಆಗ ಅವನಿಗೆ ಹುರುಪು ಬಂತು. "ಹೌದ್ರೀ ಅಕ್ಕಾರ, ಇಬ್ಬರು ರಾಣ್ಯಾರು. ಸವತ್ಯಾರು. ಆಕಿ ಇದನ್ನ ಕಟ್ಟಿಸಿದ್ಲು, ಹೊಟ್ಟಿಕಿಚ್ಚಿಗೆ ಈಕಿ ಮಗ್ಗಲದಾಗ ಅದನ್ನ ಕಟ್ಟಿಸಿದ್ಲು. ಪೈಪೋಟಿ ನೋಡ್ರೀ!" ಎಂದು ನಕ್ಕ. ನಮ್ಮವರೂ ನಕ್ಕರು.

ಅತ್ತೆಯವರು ನಗಲಿಲ್ಲ. "ಅವರು ಒಬ್ಬರಿಗೊಬ್ಬರು ಏನಾಗಬೇಕಿತ್ತಪಾ?" ಎಂದರು. ಹುಡುಗನಿಗೆ ಗೊತ್ತಿರಲಿಲ್ಲ. ನಾನು, "ಅಕ್ಕ ತಂಗಿ, ಅತ್ಯಾರ" ಎಂದೆ. "ಮತ್ತ? ಅಕ್ಕ ಕಟ್ಟಿಸಿದ ಮಗ್ಗಲಕ್ಕ ತಂಗಿ ಕಟ್ಟಿಸಿದರ ಅದು ಪೈಪೋಟಿ ಹ್ಯಾಂಗ ಆಗ್ತೈತಿ? ನಮ್ಮ ತಂಗಿ ನಮ್ಮ ಗ್ವಾಡಿಗೆ ಗ್ವಾಡಿ ಹಚ್ಚಿ ಮನಿ ಕಟ್ಟಿಸಿದಳು. ಯಾರ ಮ್ಯಾಗ ಹೊಟ್ಟಿಕಿಚ್ಚಿಗೆ?"

ಆ ಹುಡುಗನನ್ನು ನಾನು ದೂರುವುದಿಲ್ಲ. ಅವನು ಹೇಳಿದ ಕತೆ ನನ್ನ ಮುಂದಿರುವ ಪುಸ್ತಿಕೆಯೊಂದರಲ್ಲಿ ಅಚ್ಚಾಗಿಯೇ ಇದೆ. ಆದರೆ ಕಲ್ಲು ಬೇರೆ ಹೇಳುತ್ತದೆ. ಅಲ್ಲಿಯೇ 754ರ ಒಂದು ಕಂಬದ ಶಾಸನವಿದೆ. ಗಂಗೆಯ ಕಡೆಯಿಂದ ಬಂದ ಜ್ಞಾನಶಿವಾಚಾರ್ಯನೆಂಬ ಯತಿ ನಿಲ್ಲಿಸಿದ್ದು. ಒಂದೇ ಒಕ್ಕಣೆಯನ್ನು ಎರಡು ಲಿಪಿಯಲ್ಲಿ, ಉತ್ತರದವರದರಲ್ಲಿ ಒಮ್ಮೆ, ನಮ್ಮ ಕಡೆಯದರಲ್ಲಿ ಒಮ್ಮೆ, ಕೆತ್ತಿಸಿದ್ದಾನೆ. ಹೈಹಯ ವಂಶದ ಲೋಕಮಹಾದೇವಿ ಲೋಕೇಶ್ವರನ ಗುಡಿ ಕಟ್ಟಿಸಿದಳು, ಅವಳ ಒಡಹುಟ್ಟಿದ ತಂಗಿ ತ್ರೈಲೋಕ್ಯಮಹಾದೇವಿ ತ್ರೈಲೋಕ್ಯೇಶ್ವರನ ಗುಡಿ ಕಟ್ಟಿಸಿದಳು ಎಂದು ಅದರಲ್ಲಿದೆ. ಹೊಟ್ಟೆಕಿಚ್ಚಿನ ಮಾತಿಲ್ಲ. ಇಬ್ಬರು ಹೆಂಗಸರು ಹತ್ತಿರ ಹತ್ತಿರ ಏನು ಮಾಡಿದರೂ ಅದಕ್ಕೆ ಮತ್ಸರವೇ ಕಾರಣ ಎಂಬುದು ಚಾಲುಕ್ಯರ ಕಾಲದ ಇತಿಹಾಸವಲ್ಲ, ನಮ್ಮ ಕಾಲದ ಸಿನಿಮಾ.

ಇನ್ನು ಹೆಸರಿನ ಸಂಗತಿ. ಈಗ ವಿರೂಪಾಕ್ಷ ಎಂದು ಕರೆಯುವ ಗುಡಿಯ ಮೊದಲ ಹೆಸರು ಲೋಕೇಶ್ವರ. ಈಗಿನ ಮಲ್ಲಿಕಾರ್ಜುನ ಆಗಿನ ತ್ರೈಲೋಕ್ಯೇಶ್ವರ. ಲೋಕಮಹಾದೇವಿ ಗುಡಿ ಕಟ್ಟಿಸಿದ್ದು ಗಂಡನ ಗೆಲುವಿನ ನೆನಪಿಗೆ. ಅವನು ಕಂಚಿಯನ್ನು ಮೂರು ಸಲ ಗೆದ್ದ ಎಂದು ಬಾಗಿಲ ಶಾಸನ ಹೇಳುತ್ತದೆ. ಆದರೆ ದೇವರಿಗೆ ಇಟ್ಟದ್ದು ತನ್ನ ಹೆಸರು! ಗೆಲುವು ಗಂಡನದು, ಗುಡಿ ತನ್ನದು, ಇದರಲ್ಲಿ ಅವಳಿಗೆ ಗೊಂದಲವಿರಲಿಲ್ಲ. ಕಟ್ಟಿದ ಕುಶಲಿ ಗುಂಡ ಅನಿವಾರಿತಾಚಾರಿಯನ್ನೂ ಮರೆಯಲಿಲ್ಲ. ಅವನಿಗೆ ತ್ರಿಭುವನಾಚಾರಿ ಎಂಬ ಬಿರುದು ಸಂದದ್ದನ್ನು ಕಲ್ಲಿನಲ್ಲಿ ಬರೆದಿದೆ. ಹಾಡುವವರಿಗೆ ಮಾವ ವಿಜಯಾದಿತ್ಯ ಮಾಡಿಕೊಟ್ಟಿದ್ದ ಕಟ್ಟಳೆಯನ್ನು ಸೊಸೆ ಹಾಗೆಯೇ ಮುಂದುವರಿಸಿಕೊಟ್ಟದ್ದಕ್ಕೂ ಶಾಸನವಿದೆ. ದೊಡ್ಡ ಮನೆ ನಡೆಸಿದ ಯಾರಿಗಾದರೂ ಇದು ಅರ್ಥವಾಗುತ್ತದೆ. ಹಿರಿಯರು ಕೊಟ್ಟ ಮಾತು, ಆಳುಕಾಳುಗಳ ಕೂಲಿ, ಕೆಲಸಗಾರನಿಗೆ ಉಡುಗೊರೆ. ಪುಸ್ತಿಕೆಗಳಲ್ಲಿ ಇವಾವುವೂ ಇಲ್ಲ. 'ರಾಣಿಯು ಕಟ್ಟಿಸಿದಳೆಂದು ಹೇಳುತ್ತಾರೆ' ಎಂಬ ಧಾಟಿಯ ಒಂದು ಸಾಲಿನಲ್ಲಿ ಕೆಲಸ ಮುಗಿಸಿದ್ದಾರೆ. ಹೇಳುತ್ತಾರೆ ಎಂದರೇನು? ಕೆತ್ತಿದ್ದಾಳೆ, ಓದಬೇಕು.

ಅಂದು ಗಾಡಿಯಲ್ಲಿ ಒಂದು ತಮಾಷೆ ನಡೆಯಿತು. ಲೋಕಮಹಾದೇವಿ ಎಂದ ಕೂಡಲೇ ನಮ್ಮ ಓಣಿಯ ಒಬ್ಬ ವೈನಿ, "ಹಂಗಾರ ನಮ್ಮ ಲೋಕಾಪುರ ಆಕೀದಽ ಊರು!" ಎಂದುಬಿಟ್ಟರು. ಎಲ್ಲರಿಗೂ ಖುಷಿ. ನನಗೂ ಕ್ಷಣ ಮಾತ್ರ ಆಸೆಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಹೆಸರಿನ ಎರಡಕ್ಷರ ಕೂಡಿದ ಮಾತ್ರಕ್ಕೆ ನೆಂಟಸ್ತಿಕೆ ಬೆಳೆಸಬಾರದು. ಹೀಗೆ ಬೆಳೆಸಿಯೇ ಐಹೊಳೆಯ ದುರ್ಗದ ಗುಡಿ ದುರ್ಗಾದೇವಿಯ ಗುಡಿಯಾಯಿತು. ಅದು ಕೋಟೆಯ, ಅಂದರೆ ದುರ್ಗದ, ಹತ್ತಿರದ ಗುಡಿ. ದೇವಿಯ ಹೆಸರಿಗೂ ಅದಕ್ಕೂ ಸಂಬಂಧವಿಲ್ಲ. ಅಲ್ಲಿಯೇ ಲಾಡಖಾನನ ಗುಡಿ ಇದೆ. ಒಳಗೆ ವಾಸವಾಗಿದ್ದವನ ಹೆಸರು ಗುಡಿಗೆ ಅಂಟಿಕೊಂಡದ್ದು. ಇದ್ದುಹೋದವನ ಹೆಸರು ಉಳಿಯಿತು, ಕಟ್ಟಿಸಿದವರದು ಹೋಯಿತು. ನನಗೆ ಲಾಡಖಾನನ ಮೇಲೆ ಪ್ರೀತಿಯೇ. ಗುಡಿಯೆಂದರೆ ಮನುಷ್ಯರು ಒಲೆ ಹೂಡಿದ ಜಾಗವೂ ಹೌದು ಎಂದು ಆ ಹೆಸರು ನೆನಪಿಸುತ್ತದೆ.

ಮಹಾಕೂಟದ ಬಗ್ಗೆ ಪುಸ್ತಿಕೆಗಳು ಇನ್ನೂ ಜಿಪುಣ. ತಣ್ಣನೆಯ ಹೊಂಡ, ಸುತ್ತ ಮರಗಳು, ಮುಳುಗು ಹಾಕಿ ಬನ್ನಿ ಎಂದಷ್ಟೇ. ಅಲ್ಲಿಯ ಮಹಾಕೂಟೇಶ್ವರನ ಗುಡಿಯ ಕಂಬದಲ್ಲಿ ವಿನಾಪೋಟಿಯ ಶಾಸನವಿದೆ. ವಿಜಯಾದಿತ್ಯನ ಪ್ರಾಣವಲ್ಲಭೆ ಅವಳು, ಗಣಿಕೆ. ದೇವರಿಗೆ ಮಾಣಿಕ್ಯದ ಪೀಠ ಮಾಡಿಸಿ, ಬೆಳ್ಳಿಯ ಕೊಡೆ ಎತ್ತಿಸಿ, ಭೂಮಿ ಕೊಟ್ಟಳು. ನನ್ನನ್ನು ತಡೆದು ನಿಲ್ಲಿಸಿದ್ದು ಆ ದಾನವಲ್ಲ, ಅವಳು ತನ್ನ ಪರಿಚಯ ಹೇಳಿಕೊಂಡ ರೀತಿ. ಅಜ್ಜಿ ರೇವಮಂಚಿ, ಅವಳ ಮಗಳು ಕುಚಿಪೋಟಿ, ಅವಳ ಮಗಳು ವಿನಾಪೋಟಿ. ತಂದೆಯ ಹೆಸರಿಲ್ಲ, ಮುಜುಗರವೂ ಇಲ್ಲ. ನಮ್ಮಲ್ಲಿ ಎಷ್ಟು ಜನರಿಗೆ ತಾಯಿಯ ತಾಯಿಯ ತಾಯಿಯ ಹೆಸರು ಗೊತ್ತು? ನಾನು ಕೂತು ಯೋಚಿಸಿದೆ, ನನಗೆ ಗೊತ್ತಿರಲಿಲ್ಲ. ಒಂದು ಪುಸ್ತಿಕೆ ಅವಳನ್ನು ಪೂರ್ತಿ ಬಿಟ್ಟಿದೆ, ಬಹುಶಃ ಮರ್ಯಾದೆಗೆ ಅಂಜಿ. ಇನ್ನೊಂದು 'ರಾಜನ ರಾಣಿ' ಎಂದು ಬರೆದು ಅವಳಿಗೆ ಮದುವೆ ಮಾಡಿಸಿಬಿಟ್ಟಿದೆ! ಅದಕ್ಕೂ ಹಿಂದೆ, ಮಂಗಳೇಶನ ಕಾಲದಲ್ಲಿ, ಇದೇ ದೇವರಿಗೆ ಹತ್ತು ಹಳ್ಳಿಗಳು ಸಲ್ಲುವಂತೆ ಮಾಡಿದವಳು ಮೊದಲನೆಯ ಪುಲಕೇಶಿಯ ರಾಣಿ ದುರ್ಲಭದೇವಿ. ಅದು ಮಹಾಕೂಟದ ಸ್ತಂಭದಲ್ಲಿದೆ. ಸ್ತಂಭ ಈಗ ವಿಜಯಪುರದ ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿ ನಿಂತಿದೆ. ಗುಮ್ಮಟದಲ್ಲಿ ಕೂಗಿ ಪ್ರತಿಧ್ವನಿ ಎಣಿಸಿ ಬರುವವರು ಅದನ್ನೂ ಒಮ್ಮೆ ನೋಡಿ ಬರಬಹುದು.

ಪುಸ್ತಿಕೆಗಳ ಬಗ್ಗೆ ಕೊನೆಯ ದೂರು ಸಣ್ಣದು, ಆದರೆ ಹೆಂಗಸರು ಮೊದಲು ಕೇಳುವುದು ಅದನ್ನೇ. ಎಲ್ಲಿ ನೀರು ಸಿಗುತ್ತದೆ, ಎಲ್ಲಿ ಬುತ್ತಿ ಬಿಚ್ಚಬಹುದು, ಕಾಲು ನೋಯುವವರು ಯಾವ ಗುಡಿಯನ್ನು ಬಿಟ್ಟರೆ ನಡೆದೀತು, ಶೌಚಾಲಯ ಎಲ್ಲಿದೆ. ಹೋಟೆಲಿನ ಕೋಣೆಗಳನ್ನು ಬರೆಯುವವರಿಗೆ ಇದನ್ನು ಬರೆಯಲು ಜಾಗವಿಲ್ಲ. ಈಗ ಮೊಬೈಲಿನಲ್ಲಿ ಎಲ್ಲ ಸಿಗುತ್ತದೆ ಎನ್ನುತ್ತಾರೆ. ಅತ್ತೆಯವರ ಹತ್ತಿರ ಇರುವುದು ಮಾತಾಡುವ ಮೊಬೈಲು ಮಾತ್ರ.

ಅಂದು ಹೊರಡುವ ಮುಂಚೆ ಅತ್ತೆಯವರು ನನ್ನನ್ನು ಪೂರ್ವದ ಬಾಗಿಲಿಗೆ ಕರೆದೊಯ್ದರು. "ಆಕಿ ಹೆಸರು ಎಲ್ಲೈತಿ, ತೋರಸು." ಹಳಗನ್ನಡದ ಅಕ್ಷರ ಓದುವ ವಿದ್ಯೆ ನನ್ನದಲ್ಲ, ಶಾಸನ ಕೆತ್ತಿದ ಜಾಗವನ್ನು ಮಾತ್ರ ತೋರಿಸಿದೆ. ಅವರು ಕತ್ತೆತ್ತಿ ಬಹಳ ಹೊತ್ತು ನೋಡಿದರು. ಬರುವಾಗ ಗಾಡಿಯಲ್ಲಿ ಮಾತಾಡಲಿಲ್ಲ.

ಮನೆಗೆ ಬಂದ ಮೇಲೆ ನನಗೆ ನೆನಪಾಯಿತು. ಮಾವನವರು ತೀರಿಕೊಂಡ ಮರುವರ್ಷ ಅತ್ತೆಯವರು ತಮ್ಮ ಎರಡು ಪಾಟ್ಲಿ ಮಾರಿ ತವರೂರಿನ ಹನುಮಪ್ಪನ ಗುಡಿಯ ಮುಂದೆ ಕುಡಿಯುವ ನೀರಿನ ಕಟ್ಟೆ ಕಟ್ಟಿಸಿದರು. ಅದರ ಮೇಲೆ ಒಂದು ಕಲ್ಲಿದೆ. ಮಾವನವರ ಹೆಸರು, 'ಇವರ ಸ್ಮರಣಾರ್ಥ', ಕೆಳಗೆ ಮೂವರು ಗಂಡುಮಕ್ಕಳ ಹೆಸರು. ಆ ಒಕ್ಕಣೆಯನ್ನು ಬರೆದುಕೊಟ್ಟವಳು ನಾನೇ. ನನ್ನ ಅಕ್ಷರ ದುಂಡಗಿವೆ ಎಂದು ಮನೆಯವರು ನನಗೆ ಬರೆಯಲು ಹೇಳಿದ್ದರು. ಯಾರೂ ನನ್ನ ಕೈ ಹಿಡಿದಿರಲಿಲ್ಲ. ಅತ್ತೆಯವರು ಚೀಟಿ ಓದಿಸಿ ಕೇಳಿ, "ಛಲೋ ಬರದೀಬೇ" ಎಂದಿದ್ದರು.

ಹೋದ ವಾರ ಆ ಊರಿಗೆ ಹೋಗಿದ್ದೆ. ಮಕ್ಕಳ ಹೆಸರುಗಳ ಕೆಳಗೆ ನಾಲ್ಕು ಬೆರಳಷ್ಟು ಜಾಗ ಇನ್ನೂ ಖಾಲಿ ಇದೆ. ಕಲ್ಲು ಕೆತ್ತುವವನನ್ನು ಕೇಳಿದೆ. ಅಕ್ಷರಕ್ಕೆ ಇಷ್ಟು ಎಂದು ಲೆಕ್ಕ ಹೇಳಿ, "ಹೆಸರು ಎಷ್ಟು ಅಕ್ಷರದ್ದರೀ?" ಎಂದ. ನಾನು ಬೆರಳು ಮಡಿಸಿ ಎಣಿಸತೊಡಗಿದೆ.